ಕಮಲಾಕ್ಷಮ್ಮನ ಆರು ಹಲ್ಲುಗಳು

ಶೇಂಗಾದ ಕಾಳು ಹಲ್ಲಿನ ನಡುವೆ ಮುರಿಯಿತು. ಆದರೆ ಅದು ಕಮಲಾಕ್ಷಮ್ಮನಿಗೆ ಏನನ್ನೂ ಹೇಳಲಿಲ್ಲ.

ಆಕೆ ಮತ್ತೊಂದು ಕಾಯನ್ನು ಎತ್ತಿಕೊಂಡಳು. ಹೆಬ್ಬೆರಳಿನಿಂದ ಒತ್ತಿ ಸಿಪ್ಪೆ ಬಿಡಿಸಿ, ಕಾಳನ್ನು ಮುಂಬಲ್ಲುಗಳ ನಡುವೆ ನಿಲ್ಲಿಸಿ, ಮೂವತ್ತು ವರ್ಷಗಳಿಂದ ಒತ್ತುತ್ತ ಬಂದಷ್ಟೇ ಮೆಲ್ಲಗೆ ಒತ್ತಿದಳು. ಕಾಳು ಜಾರಿತು. ಮತ್ತೆ ಹಿಡಿದು ಒತ್ತಿದಳು. ಎಲ್ಲೋ ದೂರದಲ್ಲಿ, ಗೋಡೆಯಾಚೆ ಯಾರೋ ಕಡ್ಡಿ ಮುರಿದಂತೆ ಒಂದು ಸಣ್ಣ ಸದ್ದಾಯಿತು, ಅಷ್ಟೆ. ಕಾಳು ಮುರಿಯುವ ಮೊದಲು ಬಾಗಿತೇ, ಬಾಗದೆ ಸಿಡಿಯಿತೇ, ಹಲ್ಲಿಗೆ ಅಂಟಿತೇ ಎಂಬುದೊಂದೂ ತಿಳಿಯಲಿಲ್ಲ.

ಎದುರಿಗೆ ಯರ್ರಮ್ಮ ನಿಂತಿದ್ದಳು. ಮೊಳಕಾಲ್ಮೂರಿನ ಕಡೆಯ ಗಡಿಹಳ್ಳಿಯ ಹೆಂಗಸು. ಗಂಡನಿಲ್ಲದೆ ಐದೆಕರೆ ಕೆಂಪುನೆಲವನ್ನು ತಾನೇ ಉಳಿಸಿಕೊಂಡವಳು. ಬೆಳಗಿನ ಜಾವಕ್ಕೇ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಇಪ್ಪತ್ತೆರಡು ಮೂಟೆ ಹೇರಿಕೊಂಡು ಚಳ್ಳಕೆರೆಗೆ ಬಂದಿದ್ದಳು. ದಾರಿಯಲ್ಲಿ ಮೂರು ಎಣ್ಣೆ ಮಿಲ್ಲುಗಳನ್ನು ದಾಟಿ ಇಲ್ಲಿಗೇ ಬಂದಿದ್ದಳು. ಏಕೆಂದರೆ ಈ ಗೇಟಿನಲ್ಲಿ ಮರದ ಸ್ಟೂಲಿನ ಮೇಲೆ ಕಮಲಾಕ್ಷಮ್ಮ ಕುಳಿತಿರುತ್ತಿದ್ದಳು.

"ಏಮಮ್ಮಾ, ಇವತ್ತು ಇಷ್ಟೊತ್ತು ಕಡೀತೀಯ? ನನ್ನ ಕಾಯೇನು ಕಲ್ಲಾಗೈತಾ?" ಎಂದು ಯರ್ರಮ್ಮ ನಕ್ಕಳು. ಅವಳ ಹಲ್ಲುಗಳು ಕಂದು ಬಣ್ಣಕ್ಕಿದ್ದವು, ಅಲ್ಲಲ್ಲಿ ಸುಣ್ಣದ ಗೆರೆ ಎಳೆದಂತೆ ಬಿಳಿ ಪಟ್ಟೆಗಳು. ಆ ಸೀಮೆಯ ಬಾವಿನೀರು ಕುಡಿದು ಬೆಳೆದವರ ಹಲ್ಲೇ ಹಾಗೆ. ಕಳೆದ ತಿಂಗಳವರೆಗೆ, ಅದೇ ಸೀಮೆಯಲ್ಲಿ ಹುಟ್ಟಿದ ಕಮಲಾಕ್ಷಮ್ಮನ ಹಲ್ಲೂ ಹಾಗೆಯೇ ಇತ್ತು. ಅದಾದ ಮೇಲೆ ಆಕೆ ಗೇಟಿಗೆ ಬಂದು ಕುಳಿತದ್ದು ಇಂದೇ ಮೊದಲು.

ಮೂಟೆ ಹೊರುವ ಹಮಾಲಿಗಳು ಕಾಯುತ್ತಿದ್ದರು. ಅವರ ಮೇಸ್ತ್ರಿ ತಿಪ್ಪೇರುದ್ರ ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು, "ಅಮ್ಮಾರೆ, ಎಷ್ಟು ಬಿಸ್ಲು?" ಎಂದು ಕೇಳಿದ.

ಆ ಗೇಟಿನ ಲೆಕ್ಕವೇ ಅದು. ಕಮಲಾಕ್ಷಮ್ಮ ಕಾಳು ಕಡಿದು, "ಒಣಗೈತೆ" ಎಂದರೆ ಮೂಟೆ ನೇರವಾಗಿ ತಕ್ಕಡಿಗೆ ಹೋಗುತ್ತಿತ್ತು. "ಒಂದು ಬಿಸಿಲು" ಎಂದರೆ ಮಿಲ್ಲಿನ ಕಣದಲ್ಲಿ ಒಂದು ದಿನ ಹರವಬೇಕು; "ಎರಡು ಬಿಸಿಲು" ಎಂದರೆ ಎರಡು ದಿನ. ಕಣಕ್ಕೆ ಬಾಡಿಗೆಯಿಲ್ಲ, ತೂಕದಲ್ಲಿ ಮುರಿಯುವುದೂ ಇಲ್ಲ. ಗಂಡ ಮರುಳಪ್ಪ ಬದುಕಿದ್ದಾಗ ಮಾಡಿದ ಕಟ್ಟಳೆ ಅದು. ಆಕೆ ಹೇಳಿದ ಬಿಸಿಲಿಗೆ ಯಾವ ರೈತನೂ ಎದುರಾಡಿದ್ದಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತವರು ಕೂಡ, "ಕಮಲಮ್ಮ ಕಡದ್ರೆ ಮುಗೀತು" ಎಂದು ಮಾತು ನಿಲ್ಲಿಸುತ್ತಿದ್ದರು.

"ಒಂದು ಬಿಸಿಲು," ಎಂದಳು ಕಮಲಾಕ್ಷಮ್ಮ.

ತಿಳಿದು ಹೇಳಿದ ಮಾತಲ್ಲ ಅದು. ಹಸಿ ಕಾಯನ್ನು ಒಣಗಿದ್ದೆಂದು ಒಳಗೆ ಬಿಟ್ಟರೆ ಗೋದಾಮಿನಲ್ಲಿ ಬೂಸು ಹಿಡಿಯುತ್ತದೆ ಎಂಬ ಭಯದಿಂದ, ನಡುವಿನದೊಂದನ್ನು ಹೆಕ್ಕಿ ಹೇಳಿದ್ದು.

ಯರ್ರಮ್ಮನ ನಗು ನಿಂತಿತು. "ಒಂದು ಬಿಸ್ಲಾ? ಐದು ದಿನ ಬಂಡೆ ಮ್ಯಾಲೆ ಒಣಗ್ಸೀನಿ ಕಣಮ್ಮಾ. ನಮ್ಮತ್ತೆ ಕಡದು ನೋಡಿದ್ಲು, ನಾನು ಕಡದು ನೋಡ್ದೆ. ಇನ್ನೊಂದ್ಸಲ ನೋಡು."

ಆಗ ಆಫೀಸಿನ ಮೆಟ್ಟಿಲಿಳಿದು ಮಗ ವೀರೇಶ್ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಸೊಂಟದಲ್ಲಿ ಮೊಬೈಲು, ಕೈಯಲ್ಲಿ ತೇವ ಅಳೆಯುವ ಹೊಸ ಮೀಟರು. ದೀಪಾವಳಿಗೆ ಮುಂಚೆ ತರಿಸಿದ ಯಂತ್ರ. ಅದರ ಬಟ್ಟಲಿಗೆ ಒಂದು ಹಿಡಿ ಕಾಳು ಸುರಿದು ಗುಂಡಿ ಒತ್ತಿದ. ಗಾಜಿನಲ್ಲಿ ಕೆಂಪು ಅಂಕಿಗಳು ಮಿನುಗಿದವು.

"ಹತ್ತು," ಎಂದ. "ನೋಡಮ್ಮ, ಎಂಟು ದಾಟಿದ್ರೆ ಹಸಿ. ಮೀಟರೂ ಹಸಿ ಅಂತೈತೆ, ಅವ್ವನೂ ಹಸಿ ಅಂದ್ಲು. ಹರವೋಕೆ ಕಣ ಖಾಲಿ ಇಲ್ಲ. ಮೂಟೆಗೆ ಎರಡು ಕೆಜಿ ಮುರೀತೀವಿ, ಈಗ್ಲೇ ತೂಗಿ ಕಳಿಸ್ತೀವಿ. ನಿನಗೂ ಊರಿಗೆ ಹೊತ್ತಾಗಲ್ಲ."

ಯರ್ರಮ್ಮ ಅವನತ್ತ ನೋಡಲೇ ಇಲ್ಲ. ಕಮಲಾಕ್ಷಮ್ಮನ ಬಾಯನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಕಣ್ಣು ಕಿರಿದಾಯಿತು.

"ಅಮ್ಮಾ, ಆ ಹಲ್ಲು ನಿನ್ನವಲ್ಲ!" ಎಂದಳು, ಇಡೀ ಗೇಟಿಗೆ ಕೇಳುವಂತೆ. "ಅಯ್ಯೋ ದೇವುಡಾ, ಯಾರದೋ ಹಲ್ಲಿಟ್ಕಂಡು ನನ್ನ ಕಾಯಿ ನೋಡ್ತಿದ್ದೀಯಲ್ಲಮ್ಮಾ!"

ಹಮಾಲಿಗಳಲ್ಲಿ ಒಬ್ಬ ಕಿಸಕ್ಕೆಂದ. ತಿಪ್ಪೇರುದ್ರ, "ಬಾಯಿ ಮುಚ್ಚಲೇ," ಎಂದು ಅವನನ್ನು ಗದರಿದ. ಕಮಲಾಕ್ಷಮ್ಮ ಸ್ಟೂಲಿನಿಂದ ಎದ್ದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮಿಲ್ಲಿನ ಹಿಂದಿದ್ದ ತನ್ನ ಮನೆಯ ಕಡೆಗೆ ನಡೆದಳು.

ಆಕೆಗೆ ಸಿಟ್ಟು ಬಂದದ್ದು ಯರ್ರಮ್ಮನ ಮೇಲಲ್ಲ. ಯರ್ರಮ್ಮ ಹೇಳಿದ್ದು ನಿಜವಾಗಿತ್ತು.

ಹೊಸ ಹಲ್ಲು ತನಗೆ ಬೇಡವಾಗಿತ್ತು ಎಂದು ಕಮಲಾಕ್ಷಮ್ಮ ಹೇಳುವ ಹಾಗಿರಲಿಲ್ಲ. ಬೇಕಾಗಿತ್ತು, ಹದಿನೆಂಟನೆಯ ವಯಸ್ಸಿನಿಂದಲೂ ಬೇಕಾಗಿತ್ತು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೊದಲ ವಾರವೇ, ಓರಗಿತ್ತಿಯರು ಅಡಿಗೆಮನೆಯಲ್ಲಿ, "ಹುಡುಗಿ ಚೆಂದ ಐತೆ, ಬಾಯಿ ತೆಗೀಬಾರದಷ್ಟೆ," ಎಂದು ನಕ್ಕದ್ದನ್ನು ಆಕೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಅಂದಿನಿಂದ ಫೋಟೋ ತೆಗೆಯುವಾಗಲೆಲ್ಲ ತುಟಿ ಬಿಗಿದಳು. ನಗು ಬಂದರೆ ಸೆರಗು ಅಡ್ಡ ಹಿಡಿದಳು. ಬಾಯಿ ತೆರೆಯಲು ಆಕೆಗೆ ಅಂಜಿಕೆಯಾಗದ ಸ್ಥಳವೆಂದರೆ ಇಡೀ ಊರಿನಲ್ಲಿ ಮಿಲ್ಲಿನ ಗೇಟು ಒಂದೇ. ಅಲ್ಲಿ ಆ ಹಲ್ಲಿನ ಬಣ್ಣವನ್ನು ಯಾರೂ ನೋಡುತ್ತಿರಲಿಲ್ಲ. ಅದು ಏನು ಹೇಳುತ್ತದೆಂದು ಕಾಯುತ್ತಿದ್ದರು.

ಈ ವರ್ಷ, ಅಂದರೆ ಎರಡು ಸಾವಿರದ ಮೂರರ ಶ್ರಾವಣದಲ್ಲಿ, ವೀರೇಶ್ ಹೊಸದೊಂದು ಯೋಜನೆ ಹೂಡಿದ. ಡಬ್ಬಿಯ ಎಣ್ಣೆಗೆ ಇನ್ನು ಕಾಲವಿಲ್ಲ, ಪ್ಯಾಕೆಟ್ ಮಾಡಿ ಮಾರಬೇಕು. ಪ್ಯಾಕೆಟ್ಟಿನ ಮೇಲೆ ಹೆಸರು ಇರಬೇಕು, ಮುಖ ಇರಬೇಕು. "ಯಾರದೋ ಸಿನಿಮಾದವಳ ಮುಖ ಯಾಕವ್ವ? ನಿನ್ನ ಮುಖಾನೇ ಹಾಕಾಣ. ಈ ಸೀಮೆನಾಗೆ ನಿನ್ನಷ್ಟು ಹೆಸರು ಯಾರಿಗೈತೆ?" ಎಂದ. ಆಕೆಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಫೋಟೋದವನು ಬಂದು, "ಸ್ವಲ್ಪ ನಗ್ರಿ ಅಮ್ಮಾ," ಎಂದ. ಆಕೆ ನಕ್ಕಳು. ಫೋಟೋ ನೋಡಿದ ವೀರೇಶ್ ಮರುದಿನ ದಾವಣಗೆರೆಯ ಹಲ್ಲಿನ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದ.

ಡಾಕ್ಟರ್ ತ್ರಿವೇಣಿ ಚಿಕ್ಕ ವಯಸ್ಸಿನವಳು. ಮೆತ್ತಗಿನ ಕೈ, ಮೆತ್ತಗಿನ ಮಾತು. ಮೊದಲ ದಿನ ಫಿಲ್ಮು ತೆಗೆದು, ಬೆಳಕಿಗೆ ಹಿಡಿದು ಎಲ್ಲವನ್ನೂ ವಿವರಿಸಿ ಹೇಳಿದಳು. ಇದು ನೀರಿನ ಫ್ಲೋರೈಡಿನ ಕಲೆ, ಹಲ್ಲಿನ ಆಳಕ್ಕೆ ಇಳಿದಿದೆ. ಬಿಳುಪು ಮಾಡುವ ಔಷಧಿ ಹಚ್ಚಿದರೆ ಇಷ್ಟು ಗಾಢವಾದ ಕಲೆ ಹೋಗುವುದಿಲ್ಲ. ಮೇಲಿನ ಮುಂಬಲ್ಲು ಆರನ್ನೂ ಸುತ್ತ ಉಜ್ಜಿ ಸಣ್ಣದು ಮಾಡಿ, ಮೇಲೆ ಪಿಂಗಾಣಿಯ ಕ್ಯಾಪು ಕೂರಿಸಬೇಕು. ಎರಡು ಹಲ್ಲು ಒಳಗೇ ಟೊಳ್ಳಾಗಿವೆ. ಅವುಗಳ ನರ ತೆಗೆದು ಬೇರಿನ ಚಿಕಿತ್ಸೆ ಮಾಡಬೇಕು. ಗಟ್ಟಿ ಇರಲೆಂದು ಆರೂ ಕ್ಯಾಪುಗಳನ್ನು ಒಳಗಿಂದ ಲೋಹದಲ್ಲಿ ಒಂದಕ್ಕೊಂದು ಜೋಡಿಸಬಹುದು. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಯೋಚಿಸಿ ಹೇಳಿ ಎಂದಳು.

ಕಮಲಾಕ್ಷಮ್ಮ ಯೋಚಿಸಿದಳು. ಬಣ್ಣವನ್ನು ಯೋಚಿಸಿದಳು, ನೋವನ್ನು ಯೋಚಿಸಿದಳು. ಗೇಟನ್ನು ಯೋಚಿಸಲಿಲ್ಲ. ಹಲ್ಲಿನ ಜಾಗದಲ್ಲಿ ಹಲ್ಲೇ ಇರುತ್ತದಲ್ಲ, ಇನ್ನೂ ಗಟ್ಟಿಯದು ಎಂದುಕೊಂಡಳು.

ಎರಡನೆಯ ಭೇಟಿಯಲ್ಲಿ ಸೂಜಿಮದ್ದು ಕೊಟ್ಟು ಉಜ್ಜಿದರು. ಸುಟ್ಟ ಕೊಂಬಿನಂಥ ವಾಸನೆ ಬಾಯಿ ತುಂಬಿತು. ಬಳಿಕ ಅಚ್ಚು ತೆಗೆಯಲು ಗುಲಾಬಿ ಬಣ್ಣದ ಹಿಟ್ಟು ತುಂಬಿದ ತಟ್ಟೆಯನ್ನು ದವಡೆಗೆ ಒತ್ತಿ, "ಅಲ್ಲಾಡಬೇಡಿ ಅಮ್ಮ, ಎರಡು ನಿಮಿಷ," ಎಂದಳು ಡಾಕ್ಟರು. ಆ ಎರಡು ನಿಮಿಷದಲ್ಲಿ ಕಾರ್ಡು ತುಂಬಿಸುತ್ತ, ಪಕ್ಕದಲ್ಲಿದ್ದ ವೀರೇಶನನ್ನು ಕೇಳಿದಳು: "ಅಮ್ಮ ಏನು ಕೆಲಸ ಮಾಡ್ತಾರೆ?"

"ಏನಿಲ್ಲ ಡಾಕ್ಟ್ರೇ, ಮನೇಲಿರ್ತಾರೆ," ಎಂದ ವೀರೇಶ್.

ಕಮಲಾಕ್ಷಮ್ಮ ಬಾಯಿ ತುಂಬ ಹಿಟ್ಟು ಕಚ್ಚಿಕೊಂಡು ಅವನನ್ನು ನೋಡಿದಳು. ಅವನು ಮೊಬೈಲು ನೋಡುತ್ತಿದ್ದ. ಗಂಟಲಿನಿಂದ ಒಂದು ಸದ್ದು ಹೊರಟಿತು. ವಾಂತಿ ಬರುತ್ತಿದೆಯೆಂದು ತಿಳಿದ ನರ್ಸಮ್ಮ ಬೆನ್ನು ಸವರಿದಳು. ತಟ್ಟೆ ಹೊರಗೆ ಬರುವ ಹೊತ್ತಿಗೆ ಕಾರ್ಡು ತುಂಬಿಯಾಗಿತ್ತು, ಡಾಕ್ಟರು ಹಲ್ಲಿನ ಬಣ್ಣಗಳ ಗೊಂಚಲನ್ನು ಹಿಡಿದು ನಿಂತಿದ್ದಳು. ಕಮಲಾಕ್ಷಮ್ಮ ಬಿಳಿಜೋಳದ ಬಣ್ಣದ್ದೊಂದನ್ನು ತೋರಿಸಿದಳು. "ಅದು ಮಾಸಲು ಕಾಣ್ತೈತವ್ವ, ಫೋಟೋಕೆ ಇದಿರ್ಲಿ," ಎಂದು ವೀರೇಶ್ ಎಲ್ಲಕ್ಕಿಂತ ಬೆಳ್ಳಗಿನದನ್ನು ಆರಿಸಿದ. ಆ ಗಡಿಬಿಡಿಯಲ್ಲಿ ಆಕೆಯ ಮಾತು ಹಾಗೆಯೇ ಒಳಗೆ ಉಳಿಯಿತು.

ಕ್ಯಾಪು ಕೂರಿಸಿದ ದಿನ ಆಕೆಗೆ ಆದ ಆನಂದವನ್ನು ಸುಳ್ಳೆನ್ನುವ ಹಾಗಿಲ್ಲ. ಕನ್ನಡಿ ಹಿಡಿದಾಗ ಅದರಲ್ಲಿ ಕಂಡವಳು ಯಾರೋ ಆಕೆಯ ತಂಗಿಯಂತಿದ್ದಳು. ಹಿಂತಿರುಗುವ ಬಸ್ಸಿನಲ್ಲಿ ಕಂಡಕ್ಟರು ಯಾರಿಗೋ ಚೇಷ್ಟೆ ಮಾಡಿದಾಗ ಸೆರಗು ಮುಟ್ಟದೆ, ಬಾಯಿ ತುಂಬ, ಮೂವತ್ತನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ನಕ್ಕಳು. ಹೊರಡುವಾಗ ಡಾಕ್ಟರು, "ಅಮ್ಮ, ಮುಂದಿನ ಹಲ್ಲಿನಲ್ಲಿ ಗಟ್ಟಿ ಪದಾರ್ಥ ಕಡೀಬೇಡಿ. ಕಬ್ಬು, ಚಕ್ಕುಲಿ, ಕಡ್ಲೆಬೀಜ ಏನಿದ್ರೂ ಹಿಂದಿನ ಹಲ್ಲಿಗೆ," ಎಂದು ಹೇಳಿದ್ದಳು. ಸಂತೋಷದ ಭರದಲ್ಲಿ ಆಕೆ ತಲೆಯಾಡಿಸಿದ್ದಳು.

ಈಗ, ನಡುಮನೆಯ ಚಾಪೆಯ ಮೇಲೆ ಕುಳಿತು, ಕಮಲಾಕ್ಷಮ್ಮ ತನ್ನ ಮುಂದೆ ಎರಡು ಗುಡ್ಡೆ ಶೇಂಗಾ ಹಾಕಿಕೊಂಡಳು. ಒಂದು, ತಿಂಗಳಿನಿಂದ ಗಡಿಗೆಯಲ್ಲಿದ್ದ ಒಣಕಾಯಿ. ಇನ್ನೊಂದು, ನಿನ್ನೆ ಹಿತ್ತಲ ಮಡಿಯಲ್ಲಿ ಕಿತ್ತ ಹಸಿಕಾಯಿ. ಕಣ್ಣು ಮುಚ್ಚಿ, ಕೈಯಿಂದ ಬೆರೆಸಿ, ಒಂದೊಂದನ್ನೇ ಕಡಿದಳು. ಮಣ್ಣಿನ ಹಸಿ ರುಚಿಯಿಂದ ತೀರಾ ಹಸಿಯದು ತಿಳಿಯುತ್ತಿತ್ತು. ಅಷ್ಟನ್ನು ಯಾರ ನಾಲಿಗೆಯೂ ಹೇಳೀತು. ಆದರೆ ಅವೆರಡರ ನಡುವೆ ಇರುವ ಒಂದು ಬಿಸಿಲು, ಅರ್ಧ ಬಿಸಿಲು, ಮೇಲೆ ಒಣಗಿ ಒಳಗೆ ತಂಪಿರುವ ಮೋಸದ ಕಾಯಿ, ಮಾರುವ ಮುಂಚಿನ ದಿನ ನೀರು ಚಿಮುಕಿಸಿದ ಕಾಯಿ, ಅವನ್ನೆಲ್ಲ ಹೇಳುತ್ತಿದ್ದುದು ನಾಲಿಗೆಯಲ್ಲ. ಕಾಳು ಮುರಿಯುವ ಮುನ್ನ ಹಲ್ಲಿನ ಬೇರಿನಲ್ಲಿ ಏಳುತ್ತಿದ್ದ ಕೂದಲೆಳೆಯಷ್ಟು ನಡುಕ ಅದನ್ನು ಹೇಳುತ್ತಿತ್ತು. ಹಿಂದಿನ ಹಲ್ಲಿಗೆ ಹಾಕಿ ನೋಡಿದಳು. ಅವು ಅರೆಯಬಲ್ಲವು, ಕೇಳಿಸಿಕೊಳ್ಳಲಾರವು.

ಸಿಟ್ಟು ಏರಿತು. ಒಂದರ ಮೇಲೊಂದು ಕಡಿದಳು, ಮೆಲ್ಲಗಲ್ಲ, ಕಚಕಚನೆ ಕಡಿದಳು. ಬಾಯಲ್ಲಿ ಮರಳಿನಂಥದೇನೋ ಸಿಕ್ಕಿತು. ಅಂಗೈಗೆ ಉಗುಳಿ ನೋಡಿದರೆ ಉಗುರಿನ ತುದಿಯಷ್ಟು ಬಿಳಿಯ ಚಕ್ಕೆ. ಕನ್ನಡಿಯ ಮುಂದೆ ನಿಂತಳು. ನಡುವಿನ ಹಲ್ಲಿನ ಮೂಲೆ ಹಾರಿಹೋಗಿ, ಒಳಗಿನ ಬೂದು ಲೋಹ ಇಣುಕುತ್ತಿತ್ತು. ಆಕೆ ಅಳಲಿಲ್ಲ. ಬದಲಾಗಿ, ಎಷ್ಟೋ ದಿನಗಳಿಂದ ಮುಚ್ಚಿಟ್ಟಿದ್ದ ಒಂದು ಮಾತು ಕಿವಿಯಲ್ಲಿ ಹೊಸದಾಗಿ ಕೇಳಿಸಿತು: ಏನಿಲ್ಲ, ಮನೇಲಿರ್ತಾರೆ.

ಕನ್ನಡಿಯ ಪಕ್ಕದ ಮೇಜಿನ ಮೇಲೆ, ಬೆಳಿಗ್ಗೆ ಕೊರಿಯರಿನಲ್ಲಿ ಬಂದಿದ್ದ ಉದ್ದನೆಯ ಲಕೋಟೆಯನ್ನು ವೀರೇಶ್ ಬಿಚ್ಚಿಟ್ಟು ಹೋಗಿದ್ದ. ಪ್ಯಾಕೆಟ್ಟಿನ ಮಾದರಿ. ಹಳದಿ ಬಣ್ಣದ ಮೇಲೆ, ಕ್ಯಾಪು ಕೂರಿಸಿದ ಮರುದಿನ ಮತ್ತೆ ತೆಗೆಸಿದ ಫೋಟೋದಲ್ಲಿನ ಆಕೆಯ ಮುಖ, ಕಿವಿಯಿಂದ ಕಿವಿಗೆ ನಗು, ಹಾಲಿನಂಥ ಹಲ್ಲು. ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು: "ನಮ್ಮಮ್ಮ ಕಡಿದು ಆರಿಸಿದ ಶೇಂಗಾ. ನಮ್ಮಮ್ಮನ ನಗುವಿನಷ್ಟೇ ಶುದ್ಧವಾದ ಎಣ್ಣೆ."

ಕಮಲಾಕ್ಷಮ್ಮ ಅದನ್ನು ಎರಡು ಬಾರಿ ಓದಿದಳು. ಕಡಿಯುವ ಹಲ್ಲನ್ನು ಉಜ್ಜಿಸಿ ಹಾಕಿ, ಕಡಿದಳೆಂದು ಊರೂರಿಗೆ ಮಾರುವುದು! ಡಾಕ್ಟರ ಮುಂದೆ ಆಕೆಗೆ ಕೆಲಸವೇ ಇಲ್ಲ. ಅಂಗಡಿಯ ಮುಂದೆ ಆಕೆಯ ಕೆಲಸವೇ ಬಂಡವಾಳ! ಮಾದರಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡಳು. ಅಡಿಗೆಮನೆಗೆ ಹೋಗಿ ಅಗಲವಾದ ಕಬ್ಬಿಣದ ಹೆಂಚನ್ನೂ ಇದ್ದಿಲ ಒಲೆಯನ್ನೂ ಎತ್ತಿಕೊಂಡಳು. ಐವತ್ತೆರಡು ವಯಸ್ಸಿನ ಆ ಹೆಂಗಸು ಮಧ್ಯಾಹ್ನದ ಬಿಸಿಲಿನಲ್ಲಿ ಒಲೆ ಹೊತ್ತುಕೊಂಡು ಮಿಲ್ಲಿನ ಅಂಗಳ ದಾಟುವುದನ್ನು ಕಂಡು ತಿಪ್ಪೇರುದ್ರ ಓಡಿಬಂದ.

"ಅಮ್ಮಾರೆ, ಇದೇನ್ರಿ? ಗೇಟ್ನಾಗೆ ರೊಟ್ಟಿ ಸುಡ್ತೀರಾ?"

"ಹೂನಪ್ಪ, ಸುಡೋದೇ ಐತೆ. ಇದ್ಲು ಹಚ್ಚು. ಆಫೀಸ್ನಾಗಿನ ಸಣ್ಣ ತಕ್ಕಡಿ ತಗಂಬಾ."

ಯರ್ರಮ್ಮ ಹೋಗಿರಲಿಲ್ಲ. ಮೂಟೆಗಳ ಮೇಲೆ ಕುಳಿತು ಬುತ್ತಿಯ ಗಂಟು ಬಿಚ್ಚಿದ್ದಳು. ಎದುರಿಗೆ ಗೌರಸಮುದ್ರದ ದೊಡ್ಡೀರಪ್ಪ ತನ್ನ ಗಾಡಿಯೊಂದಿಗೆ ಸರದಿ ಕಾಯುತ್ತಿದ್ದ. ವೀರೇಶ್ ಮೆಟ್ಟಿಲ ಮೇಲಿಂದಲೇ ಕೂಗಿದ: "ಅವ್ವ, ಬಿಸ್ಲಾಗೆ ಯಾಕೆ ಬಂದೆ? ಮಲಗಬಾರದಾ? ಆಯಮ್ಮ ಒಪ್ತಿಲ್ಲ, ವಾಪಸ್ ತಗಂಡೋಗ್ತಾಳಂತೆ. ಹೋಗ್ಲಿ ಬಿಡು."

"ಕೆಳಗೆ ಬಾ," ಎಂದಳು ಕಮಲಾಕ್ಷಮ್ಮ.

ಯರ್ರಮ್ಮನ ಮೂಟೆಗಳಲ್ಲಿ ಹತ್ತರಿಂದ ಒಂದೊಂದು ಹಿಡಿ ತೆಗೆಸಿ, ಸುಲಿಸಿ, ಕಾಳನ್ನು ಮುರಿದು, ಎಲ್ಲರ ಕಣ್ಣೆದುರಿಗೆ ನೂರು ಗ್ರಾಂ ತೂಗಿದಳು. ಹೆಂಚಿನ ಮೇಲೆ ಹರವಿ, ಇದ್ದಿಲನ್ನು ಕೆದಕಿ ಉರಿ ತಗ್ಗಿಸಿದಳು. ಕಾಳು ಕಪ್ಪಾಗದಂತೆ ಮರದ ಚಮಚದಿಂದ ಕೈಯಾಡಿಸುತ್ತ ಕುಳಿತಳು. ನಡುನಡುವೆ ಇಳಿಸಿ, ಆರಿಸಿ, ತೂಗಿದಳು. ತೂಕ ಇಳಿಯುತ್ತ ಹೋಯಿತು. ಒಂದು ಗಂಟೆಯ ಮೇಲೆ, ಎರಡು ಸಲ ತೂಗಿದರೂ ಮುಳ್ಳು ಕದಲದಾಯಿತು.

"ಎಷ್ಟೈತೆ ಓದಲೇ ತಿಪ್ಪೇರುದ್ರ, ಗಟ್ಟಿಯಾಗಿ."

"ತೊಂಬತ್ಮೂರು ಅಮ್ಮಾರೆ."

"ಅಂದ್ರೆ ನೀರು ಎಷ್ಟಿತ್ತು?"

"ಏಳು."

"ನಿನ್ನ ಮೀಟರು ಎಷ್ಟು ಅಂತು ವೀರೇಶ?"

ವೀರೇಶ್ ಸುತ್ತಲೂ ನೋಡಿದ. ಹಮಾಲಿಗಳು, ಯರ್ರಮ್ಮ, ದೊಡ್ಡೀರಪ್ಪ, ಟೀ ತಂದವನು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ದನಿ ತಗ್ಗಿಸಿದ. "ಅವ್ವ, ಒಳಗೆ ಬಾ, ಮಾತಾಡಾಣ."

"ಒಳಗೆ ಯಾಕೋ? ಒಳಗಿರೋದು ನನ್ನ ಕೆಲಸ ಅಂತ ಡಾಕ್ಟ್ರಿಗೆ ಹೇಳಿದ್ಯಲ್ಲ, ಸಾಕು. ಹೇಳು, ಹತ್ತು ಹೆಂಗೆ ಬಂತು?"

"ಲುಕ್ಸಾನ್ ಆಗಬಾರದು ಅಂತ… ಮೀಟರು ಮೂರು ಪಾಯಿಂಟ್ ಹೆಚ್ಚು ತೋರಿಸೋ ಹಂಗೆ ಇಟ್ಟಿದ್ದೆ. ಹಸಿ ಕಾಯಿ ಒಳಗೆ ಹೋದ್ರೆ ಗೋದಾಮೇ ಹೋಗ್ತೈತೆ. ಒಂದ್ಸಲ ಬೂಸು ಹಿಡೀತು ಅಂದ್ರೆ ಪ್ಯಾಕೆಟ್ ಹೆಸರು ಕೆಡ್ತೈತೆ."

"ಹೆಸರು ಯಾರದು?"

ಅವನು ಮೀಟರಿನ ಬಟ್ಟಲಿನಿಂದ ಕಾಳು ಕೊಡವಿದ.

"ಹೆಸರು ನನ್ನದು!" ಕಮಲಾಕ್ಷಮ್ಮನ ಧ್ವನಿ ಮಿಲ್ಲಿನ ಗಾಣಗಳ ಸದ್ದಿಗಿಂತ ಮೇಲಕ್ಕೆದ್ದಿತು. "ನನ್ನ ಹಲ್ಲಿನ ಹೆಸರು. ಅದನ್ನ ಉಜ್ಜಿ ಪುಡಿ ಮಾಡ್ಸಿದಿ. ನಾನೂ ಬಾಯಿ ತೆಕ್ಕೊಂಡು ಕುಂತೆ, ಚೆಂದ ಕಾಣ್ತೀನಿ ಅಂತ. ನನ್ನ ತಪ್ಪು ನನಗೈತೆ. ಆದ್ರೆ ಕೇಳೋಕೆ ನಿನಗೇನಾಗಿತ್ತೋ? ಅವ್ವ, ಇದನ್ನ ತೆಗೆಸಿದ್ರೆ ನಾಳೆ ಹೆಂಗೆ ಕಡೀತೀಯ ಅಂತ ಒಂದು ಮಾತು! ಅಂಬೆಗಾಲಿಡೋ ವಯಸ್ಸಿಂದ ಈ ಗೇಟ್ನಾಗೆ ಆಡ್ಕೊಂಡು ಬೆಳೆದೋನು ನೀನು!"

"ನನಗೆ ಹೊಳೀಲಿಲ್ಲ ಅವ್ವ," ಎಂದ ವೀರೇಶ್. ಸುಳ್ಳಿನಂತೆ ಕೇಳಿಸಲಿಲ್ಲ. ಆಕೆಯನ್ನು ಅತಿ ಹೆಚ್ಚು ಚುಚ್ಚಿದ್ದೂ ಅದೇ. ಅವನು ಕೆಡುಕು ಮಾಡಬೇಕೆಂದು ಹೊರಟಿರಲಿಲ್ಲ. ಮೂವತ್ತು ವರ್ಷ ಕಣ್ಣೆದುರಿಗೆ ನಡೆದ ಕೆಲಸ ಅವನಿಗೆ ಕೆಲಸವೆಂದೇ ಕಂಡಿರಲಿಲ್ಲ.

ಆಕೆ ಯರ್ರಮ್ಮನ ಕಡೆಗೆ ತಿರುಗಿದಳು. ಸೆರಗು ಅಡ್ಡ ಹಿಡಿಯಲಿಲ್ಲ. ಮುರಿದ ಹಲ್ಲು, ಬೂದು ಲೋಹ, ಎಲ್ಲ ಕಾಣುವಂತೆ ಬಾಯಿ ತೆರೆದು ಹೇಳಿದಳು: "ಯರ್ರಮ್ಮಾ, ಬೆಳಿಗ್ಗೆ ನಾನು ಒಂದು ಬಿಸ್ಲು ಅಂದಿದ್ದು ಸುಳ್ಳು. ನನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅನ್ನೋಕೆ ನಾಚ್ಕೆ ಆಗಿ ಅಂದೆ. ನಿನ್ನ ಕಾಯಿ ಒಣಗೈತೆ. ಒಂದು ಕಾಳೂ ಮುರಿಯಂಗಿಲ್ಲ. ತಿಪ್ಪೇರುದ್ರ, ತೂಗಿಸು."

ಯರ್ರಮ್ಮ ತಕ್ಷಣ ಕರಗಲಿಲ್ಲ. ಬುತ್ತಿಯ ಗಂಟನ್ನು ಬಿಗಿಯಾಗಿ ಕಟ್ಟಿದಳು. "ಇವತ್ತು ತೂಗ್ತೀಯ ಸರಿ. ಮುಂದಿನ ವರ್ಷ? ದಿನಾ ಗೇಟ್ನಾಗೆ ಹುರಕೊಂಡು ಕುಂದ್ರುತೀಯಾ? ಐವತ್ತು ಗಾಡಿ ಬಂದ್ರೆ?" ಎಂದಳು. "ನಿನ್ನ ಹಲ್ಲಿಗೆ ನಾನು ಅಷ್ಟು ದೂರದಿಂದ ಬರ್ತಿದ್ದೆ ಕಣಮ್ಮಾ. ಯಾರನ್ನ ಕೇಳಿ ಕಿತ್ತಾಕಿಸ್ಕಂಡೆ?"

ಕಮಲಾಕ್ಷಮ್ಮ ಮಗನತ್ತ ತಿರುಗಿದಳು. ಮುಂದಿನ ವರ್ಷದ ಪ್ರಶ್ನೆಗೆ ಉತ್ತರ ಎದುರಿಗೇ ನಿಂತಿತ್ತು. ಮೂವತ್ತೊಂದು ವಯಸ್ಸು, ಹುಟ್ಟಿದಾಗಿನಿಂದ ಟೌನಿನ ನೀರು, ಚಿತ್ರದುರ್ಗದ ಹಾಸ್ಟೆಲ್ಲಿನ ನೀರು ಕುಡಿದ ಬಾಯಿ, ಕಲೆಯಿಲ್ಲದ, ಉಜ್ಜದ, ನರವಿರುವ ಮೂವತ್ತೆರಡು ಹಲ್ಲು.

"ವೀರೇಶ, ಆ ಸ್ಟೂಲ್ ಮ್ಯಾಲೆ ಕುಂತ್ಕ."

"ಅವ್ವ!"

"ಕುಂತ್ಕ ಅಂದೆ. ಮಿಲ್ಲು ನನ್ನ ಹೆಸರ್ನಾಗೈತೆ, ಮರೀಬ್ಯಾಡ." ಕಂಕುಳಲ್ಲಿದ್ದ ಸುರುಳಿಯನ್ನು ಬಿಚ್ಚಿ ಅವನ ಎದೆಗೆ ಒತ್ತಿದಳು. "ಇದು ಅಚ್ಚಾಗಬಾರದು. ಪ್ರೆಸ್ಸಿಗೆ ಫೋನ್ ಮಾಡು."

"ಇಪ್ಪತ್ತು ಸಾವಿರ ಕವರಿಗೆ ಹೇಳಿಬಿಟ್ಟೀನಿ ಅವ್ವ!"

"ಕಡಿದು ಆರಿಸಿದ್ದು ಅಂತ ಬರ್ಸೀಯ. ಅದನ್ನ ನಿಜ ಮಾಡು, ಆಮೇಲೆ ಅಚ್ಚು ಹಾಕ್ಸು. ನನ್ನ ಮುಖ ತೆಗೆದು ನಿನ್ನದು ಹಾಕ್ಕ. ನಿನ್ನ ಹಲ್ಲು ಚೆಂದ ಅವೆ."

ಹಮಾಲಿಗಳು ಈ ಬಾರಿ ಬಹಿರಂಗವಾಗಿಯೇ ನಕ್ಕರು. ತಿಪ್ಪೇರುದ್ರನೂ ಅವರನ್ನು ತಡೆಯಲಿಲ್ಲ. ವೀರೇಶನ ಕಿವಿ ಕೆಂಪಗಾಯಿತು. ಒಂದು ಕ್ಷಣ ಅವನು ಮೆಟ್ಟಿಲ ಕಡೆಗೆ ನೋಡಿದ. ಹೊರಟುಹೋಗುವನೇನೋ ಎಂದು ಎಲ್ಲರಿಗೂ ಅನ್ನಿಸಿತು. ಆಮೇಲೆ ಮೊಬೈಲನ್ನು ಸೊಂಟದಿಂದ ತೆಗೆದು ಮೀಟರಿನ ಮೇಲಿಟ್ಟು, ಸ್ಟೂಲಿನ ಮೇಲೆ ಕುಳಿತ. ಬಿಳಿಯ ಶರ್ಟಿಗೆ ಮೊದಲ ಕೆಂಪು ಧೂಳು ಹತ್ತಿತು.

ಕಮಲಾಕ್ಷಮ್ಮ ಯರ್ರಮ್ಮನ ಕಾಯಿ ಬಿಡಿಸಿ ಅವನ ಅಂಗೈಗೆ ಹಾಕಿದಳು. "ಕಡಿ. ಅಗಿಯಬ್ಯಾಡ. ಮುಂದಿನ ಹಲ್ಲಾಗೆ ನಿಲ್ಸು, ಮೆಲ್ಲಗೆ ಒತ್ತು. ಏನಂತೈತೆ?"

ವೀರೇಶ್ ಕಡಿದ. "ಏನೂ ಅನ್ನಂಗಿಲ್ಲ."

"ಇನ್ನೊಂದು."

"ಮುರೀತು, ಅಷ್ಟೆ."

"ಮುರಿಯೋಕೆ ಮುಂಚೆ ಏನಾತು ಅಂತ ಕೇಳ್ತಿದ್ದೀನಿ. ಇನ್ನೊಂದು."

ಇಪ್ಪತ್ತು ಕಾಳು ಕಡಿದ, ನಲವತ್ತು ಕಡಿದ. ಯರ್ರಮ್ಮ ಮೂಟೆ ತೂಗಿಸುವುದನ್ನು ಬಿಟ್ಟು ಬಂದು ನಿಂತು, "ತುಟಿ ಬಿಗೀಬ್ಯಾಡಪ್ಪ, ಸಡ್ಲ ಬಿಡು," ಎಂದು ಹೇಳಿಕೊಟ್ಟಳು. ದೊಡ್ಡೀರಪ್ಪ, "ನಮ್ಮ ಹೋರಿಗೆ ಹಲ್ಲು ನೋಡ್ದಂಗೆ ನೋಡ್ತವ್ರೆ ಸಾವ್ಕಾರ್ರನ್ನ," ಎಂದು ಗೊಣಗಿ ನಗಿಸಿದ. ಕಮಲಾಕ್ಷಮ್ಮ ನಗಲಿಲ್ಲ. ಈಗ ದೊಡ್ಡೀರಪ್ಪನ ಗಾಡಿಯಿಂದಲೂ ಒಂದು ಹಿಡಿ ತರಿಸಿ, ಹೇಳದೆ ಕೇಳದೆ ನಡುವೆ ಬೆರೆಸಿದಳು.

ವೀರೇಶ್ ಒಂದು ಕಾಳನ್ನು ಒತ್ತಿದವನು ತಟ್ಟನೆ ನಿಂತ. ಹುಬ್ಬು ಗಂಟಿಕ್ಕಿತು. ಮತ್ತೆ ಒತ್ತಿದ.

"ಇದು ಬಗ್ಗಿತು ಅವ್ವ," ಎಂದ. "ಬಗ್ಗಿ ಆಮೇಲೆ ಮುರೀತು."

ಕಮಲಾಕ್ಷಮ್ಮ ಅವನ ಹತ್ತಿರಕ್ಕೆ ಬಾಗಿದಳು.

"ಎಷ್ಟು ಬಿಸ್ಲು?"

"ಎರಡು?" ಎಂದು ವೀರೇಶ್ ತಾಯಿಯ ಮುಖ ನೋಡಿದ.

ಕಮಲಾಕ್ಷಮ್ಮ ಅದೇ ಹಿಡಿಯಿಂದ ಒಂದು ಕಾಳನ್ನು ತೆಗೆದುಕೊಂಡು ಬಾಯಿಗೆ ಹಾಕಲು ಹೋದವಳು ಅರ್ಧದಲ್ಲೇ ಕೈ ತಡೆದಳು. ಎರಡೋ, ಒಂದೂವರೆಯೋ, ಮೂರೋ? ಹೆತ್ತ ಮಗನ ಮೊದಲ ಉತ್ತರ ಸರಿಯೋ ತಪ್ಪೋ ಎಂದು ಹೇಳುವ ಶಕ್ತಿ ಆಕೆಗಿರಲಿಲ್ಲ. ಇನ್ನು ಎಂದಿಗೂ ಇರುವುದಿಲ್ಲ. ಕಾಳು ಬೆರಳುಗಳ ನಡುವೆ ಹಿಚುಕಿಹೋಯಿತು.

"ದೊಡ್ಡೀರಪ್ಪಾ," ಎಂದಳು, ಮಗನಿಂದ ಕಣ್ಣು ಕೀಳದೆ, "ನಿಜ ಹೇಳು. ಎಷ್ಟು ದಿನ ಒಣಗ್ಸಿದಿ?"

ದೊಡ್ಡೀರಪ್ಪ ರುಮಾಲು ಸರಿಮಾಡಿಕೊಂಡ, ಎತ್ತುಗಳ ಕಡೆ ನೋಡಿದ, ಕೊನೆಗೆ, "ಮೂರು ದಿನ ಹರವಿದ್ದೆ ಅಮ್ಮಾರೆ. ನಿನ್ನೆ ಸ್ವಲ್ಪ ಇಬ್ಬನಿ ಬಿದ್ದಿತ್ತು," ಎಂದ.

"ಇಬ್ಬನಿ ಬಿತ್ತೋ, ಬಿಂದಿಗೆ ಬಿತ್ತೋ?" ಎಂದಳು ಯರ್ರಮ್ಮ.

"ಏ, ನೀ ಸುಮ್ಕಿರಮ್ಮ!"

ಕಮಲಾಕ್ಷಮ್ಮ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ದೊಡ್ಡೀರಪ್ಪನ ಕಾಳನ್ನು ನೂರು ಗ್ರಾಂ ತೂಗಿ ಹೆಂಚಿಗೆ ಸುರಿದಳು. ಹೊಗೆ ಕಣ್ಣಿಗೆ ಹೊಡೆಯಿತು. ಬೆನ್ನ ಹಿಂದೆ ಸ್ಟೂಲು ಕಿರುಗುಟ್ಟಿತು. ಹೇಳಿದ ಕೆಲಸ ಮುಗಿಯಿತೆಂದುಕೊಂಡ ವೀರೇಶ್ ಎದ್ದಿದ್ದ.

"ನಿನ್ನ ಎದ್ದೇಳು ಅಂದೋರು ಯಾರೋ?" ಎಂದಳು ಆಕೆ, ತಿರುಗಿ ನೋಡದೆ. "ಕುಂತ್ಕ. ಇದು ಒಣಗೋವರೆಗೂ ಕಡೀತಿರು."

ಹೆಂಚಿನ ಮೇಲಿನ ಕಾಳಿನ ಸದ್ದಿನ ನಡುವೆ, ಮಗನ ಹಲ್ಲಿನಲ್ಲಿ ಒಂದೊಂದೇ ಕಾಳು ಮುರಿಯುವ ಸದ್ದು ಮತ್ತೆ ಶುರುವಾಯಿತು. ಕಮಲಾಕ್ಷಮ್ಮ ಕಿವಿ ಅತ್ತಲೇ ಇಟ್ಟು, ಬಾಯಿ ಬಿಗಿದುಕೊಂಡು, ಚಮಚದಿಂದ ಕೈಯಾಡಿಸುತ್ತಲೇ ಇದ್ದಳು.